ಸೊಂಟದಿಂದ ಪಾದಕ್ಕೆ ಇಳಿಯುವ ನೋವು

ಸೊಂಟದಲ್ಲಿ ಹುಟ್ಟಿ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಮಿಂಚಿನಂತೆ ಇಳಿಯುವ ನೋವೇ ‘ಸಯಾಟಿಕಾ’. ನೋಯುವುದು ಕಾಲಾದರೂ ತೊಂದರೆ ಇರುವುದು ಬೆನ್ನಿನಲ್ಲಿ. ಕಶೇರುಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹೊರಚಾಚಿ ನರದ ಬುಡವನ್ನು ಒತ್ತುವುದೇ ಇದಕ್ಕೆ ಸಾಮಾನ್ಯ ಕಾರಣ. ಇದನ್ನು 1934ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ತೋರಿಸಿಕೊಟ್ಟರು. ಕೆಮ್ಮಿದಾಗ, ಸೀನಿದಾಗ ನೋವು ಹೆಚ್ಚಬಹುದು.

ಮಕ್ಕಳಲ್ಲಿ ಇದು ಅಪರೂಪ. ಆದರೂ ಮಗ ಅಥವಾ ಮಗಳು ಇಂಥ ನೋವು ಹೇಳಿಕೊಂಡರೆ, ಶಾಲೆ ತಪ್ಪಿಸುವ ನೆಪವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ 6ರಿಂದ 12 ವಾರಗಳಲ್ಲಿ ಗುಣ ಕಾಣುತ್ತದೆ. ದಿನಗಟ್ಟಲೆ ಮಲಗಿರುವುದು ಸಲ್ಲದು. ಆದಷ್ಟು ನಡೆದಾಡುತ್ತಿರುವುದೇ ಲೇಸು. ಆದರೆ ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ.