ಲೆಕ್ಕ ಒಪ್ಪುತ್ತದೆ, ಹಸಿವು ಒಪ್ಪುವುದಿಲ್ಲ

ಫಾಸ್ಟ್‌ಫುಡ್ ಬಿಡದೆಯೇ ತೂಕ ಇಳಿಸಬಹುದು ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಅಮೆರಿಕದ ಅಯೋವಾ ರಾಜ್ಯದ ವಿಜ್ಞಾನ ಶಿಕ್ಷಕ ಜಾನ್ ಸಿಸ್ನಾ 2013ರಲ್ಲಿ ಮೂರು ಹೊತ್ತೂ ಮೆಕ್‌ಡೊನಾಲ್ಡ್ಸ್‌ ಊಟವನ್ನೇ ಉಂಡು 90 ದಿನಗಳಲ್ಲಿ 17 ಕಿಲೊದಷ್ಟು ತೂಕ ಕಳೆದುಕೊಂಡರು. ಅವರ ಕೊಲೆಸ್ಟ್ರಾಲ್ ಕೂಡ ಇಳಿಯಿತು. ಅದಕ್ಕೂ ಮೊದಲು, 2010ರಲ್ಲಿ, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಪೋಷಣಶಾಸ್ತ್ರದ ಪ್ರಾಧ್ಯಾಪಕ ಮಾರ್ಕ್ ಹಾಬ್ ಹತ್ತು ವಾರ ಬಹುಪಾಲು ಕ್ರೀಮ್ ತುಂಬಿದ ಕೇಕು, ಬಿಸ್ಕತ್ತು, ಚಿಪ್ಸ್ ತಿಂದುಕೊಂಡೇ 12 ಕಿಲೊ ಇಳಿಸಿ ತೋರಿಸಿದರು. ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಫಿಟ್‌ನೆಸ್ ಸಲಹೆಗಾರರು ಹೇಳುವ ಮಾತು ಒಂದೇ: ದೇಹಕ್ಕೆ ಬೇಕಾದದ್ದಕ್ಕಿಂತ ಕಡಿಮೆ ಕ್ಯಾಲೊರಿ ಒಳಗೆ ಹೋದರೆ ಸಾಕು, ಅದು ಮುದ್ದೆಯಿಂದ ಬಂದರೇನು, ಬರ್ಗರ್‌ನಿಂದ ಬಂದರೇನು? ಲೆಕ್ಕದ ಮಟ್ಟಿಗೆ ಇದು ಸರಿ. ಆದರೆ ವಾರದಲ್ಲಿ ನಾಲ್ಕೈದು ದಿನ ಇಂಥ ತಿನಿಸನ್ನೇ ನೆಚ್ಚಿಕೊಂಡು ತೂಕ ಇಳಿಸಲು ಹೊರಟವರ ಕೈಯನ್ನು ಈ ಲೆಕ್ಕ ಹಿಡಿಯುವುದಿಲ್ಲ ಎಂಬುದು ನನ್ನ ವಾದ. ಅವರಿಗೆ ಲೆಕ್ಕ ಗೊತ್ತಿರುತ್ತದೆ. ಗೊತ್ತಿದ್ದೂ ಸೋಲುತ್ತಾರೆ, ಏಕೆಂದರೆ ಹೊಟ್ಟೆ ತುಂಬಿತು ಎಂಬ ಸೂಚನೆ ಸಿಗುವ ಮೊದಲೇ ಈ ಆಹಾರ ಹೊಟ್ಟೆ ಸೇರಿಬಿಟ್ಟಿರುತ್ತದೆ.

ಸಿಸ್ನಾ ಅವರ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರ ಆ ತೊಂಬತ್ತು ದಿನಗಳ ಊಟವನ್ನು ಗೊತ್ತುಮಾಡಿದ್ದು ಅವರ ವಿದ್ಯಾರ್ಥಿಗಳು. ಕಂಪನಿ ಪ್ರಕಟಿಸಿದ ಪೋಷಕಾಂಶಗಳ ಪಟ್ಟಿ ಹಿಡಿದು, ದಿನಕ್ಕೆ 2,000 ಕ್ಯಾಲೊರಿ ಮೀರದಂತೆ ಮಕ್ಕಳೇ ಮೆನು ಬರೆದುಕೊಟ್ಟರು. ಪ್ರಯೋಗ ಶುರುವಾದಾಗ ಅವರ ತೂಕ 127 ಕಿಲೊ. ಅಷ್ಟು ಭಾರದ ಗಂಡಸಿಗೆ ತೂಕ ಹಾಗೇ ಉಳಿಯಬೇಕಾದರೂ ದಿನಕ್ಕೆ 3,000 ಕ್ಯಾಲೊರಿಯ ಆಸುಪಾಸು ಬೇಕಾಗುತ್ತದೆ. ಸಾಲದ್ದಕ್ಕೆ ಅವರು 45 ನಿಮಿಷಗಳ ನಡಿಗೆಯನ್ನೂ ಸೇರಿಸಿಕೊಂಡಿದ್ದರು. ಹಾಬ್ ಅವರೂ 1,800 ಕ್ಯಾಲೊರಿಯ ಗೆರೆ ಹಾಕಿಕೊಂಡಿದ್ದರು. ಅದರ ಲೆಕ್ಕ ಬರೆದಿಟ್ಟವರು ಪೋಷಣಶಾಸ್ತ್ರವನ್ನೇ ಪಾಠ ಮಾಡುವ ಮನುಷ್ಯ. ಎಷ್ಟು ತಿನ್ನಬೇಕು ಎಂಬ ತೀರ್ಮಾನ ಈ ಎರಡೂ ಕಡೆ ಹಸಿವಿನ ಕೈಯಲ್ಲಿ ಇರಲೇ ಇಲ್ಲ. ಅದೇ ಮೆಕ್‌ಡೊನಾಲ್ಡ್ಸ್‌ನಲ್ಲಿ ಅಂಥ ಮಿತಿಯಿಲ್ಲದೆ 30 ದಿನ ಉಂಡ ಮಾರ್ಗನ್ ಸ್ಪರ್ಲಾಕ್ 11 ಕಿಲೊ ಏರಿದ್ದನ್ನು 2004ರ ‘ಸೂಪರ್ ಸೈಜ್ ಮಿ’ ಸಾಕ್ಷ್ಯಚಿತ್ರ ತೋರಿಸಿತು. ಸ್ಪರ್ಲಾಕ್ ಅವರ ಪ್ರಯೋಗ ವಿಜ್ಞಾನದ ಅಳತೆಗೆ ನಿಲ್ಲುವಂಥದ್ದಲ್ಲ, ಸಿಸ್ನಾ ಅವರದ್ದೂ ನಿಲ್ಲುವುದಿಲ್ಲ. ಒಬ್ಬೊಬ್ಬರ ಕಥೆಯಿಂದ ಎಲ್ಲರಿಗೂ ನಿಯಮ ಮಾಡಲಾಗದು. ಹಾಗಾಗಿ ಸರಿಯಾಗಿ ಕಟ್ಟಿದ ಅಧ್ಯಯನ ಏನು ಹೇಳುತ್ತದೆ ಎಂದು ನೋಡುವುದು ಮುಖ್ಯ.

ಅಂಥದ್ದೊಂದು 2019ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಅತಿಸಂಸ್ಕರಿತ ಆಹಾರ, ಅಂದರೆ ಬಹುಪಾಲು ಫಾಸ್ಟ್‌ಫುಡ್‌ನಂತೆ ಕಾರ್ಖಾನೆಯಲ್ಲಿ ಬಹಳಷ್ಟು ಸಂಸ್ಕರಿಸಿ ಸಿದ್ಧಪಡಿಸಿದ್ದು; ಎರಡು ವಾರ ಮನೆಯಡುಗೆಗೆ ಹತ್ತಿರವಾದ, ಹೆಚ್ಚು ಸಂಸ್ಕರಿಸದ ಆಹಾರ. ತಟ್ಟೆಗೆ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸಮನಾಗಿರುವಂತೆ ಹೊಂದಿಸಿದ್ದರು. ಅವರಿಗೆ ಕೊಟ್ಟ ಸೂಚನೆ ಇಷ್ಟೇ: ಬೇಕಾದಷ್ಟು ತಿನ್ನಿ, ಸಾಕೆನಿಸಿದಾಗ ಬಿಡಿ. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸರಾಸರಿ 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ 900 ಗ್ರಾಂನಷ್ಟು ಏರಿದರು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿದರು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೊಂದು ವಿವರ. ಎರಡು ಬಗೆಯ ಊಟದಲ್ಲಿ ಯಾವುದು ಹೆಚ್ಚು ರುಚಿ ಎಂದು ಕೇಳಿದಾಗ ಅವರ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ನಾಲಿಗೆ ಚಪಲ ಎಂದು ನಾವು ಬೈಯುವ ದೋಷ ಅಲ್ಲಿ ಕಾಣಲಿಲ್ಲ. ಅದೇ ಜನ, ಅದೇ ಮನೋಬಲ, ಊಟ ಮಾತ್ರ ಬೇರೆ. ಮೈ ನಡೆದುಕೊಂಡ ರೀತಿಯೂ ಬೇರೆಯಾಯಿತು. ತೂಕ ಇಳಿಯದ ಪ್ರತಿಯೊಬ್ಬರಿಗೂ ‘ನಿಮಗೆ ಸಂಯಮವಿಲ್ಲ’ ಎಂದು ಹೇಳುವ ನಮ್ಮ ಅಭ್ಯಾಸವನ್ನು ಈ ಒಂದು ಅಧ್ಯಯನವೇ ಪ್ರಶ್ನಿಸುತ್ತದೆ.

ಕಾರಣಗಳು ತೀರಾ ನಿಗೂಢವೂ ಅಲ್ಲ. ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 87 ಕ್ಯಾಲೊರಿ ಇರುತ್ತದೆ. ಅದನ್ನೇ ಉದ್ದುದ್ದ ಕತ್ತರಿಸಿ ಕರಿದು ಫ್ರೆಂಚ್ ಫ್ರೈಸ್ ಮಾಡಿದರೆ ಅಷ್ಟೇ ತೂಕಕ್ಕೆ 300 ದಾಟುತ್ತದೆ. ತೆಳ್ಳಗೆ ಹೆರೆದು ಚಿಪ್ಸ್ ಮಾಡಿದರೆ 500ನ್ನೂ ಮೀರುತ್ತದೆ. ಕರಿಯುವಾಗ ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಒಳಗೆ ಸೇರುತ್ತದೆ. ಪಿಷ್ಟದ ಒಂದು ಗ್ರಾಂಗೆ 4 ಕ್ಯಾಲೊರಿಯಾದರೆ ಎಣ್ಣೆಯ ಒಂದು ಗ್ರಾಂಗೆ 9. ಹೊಟ್ಟೆಯಾದರೋ ತುಂಬಿತೆಂದು ತಿಳಿಯುವುದು ಬಹುಮಟ್ಟಿಗೆ ಗಾತ್ರದಿಂದ ಮತ್ತು ಹೊತ್ತಿನಿಂದ. ಮೈದಾದ ಮೆತ್ತನೆಯ ಬನ್ನು, ಅರೆದು ತಟ್ಟಿದ ಪ್ಯಾಟಿ, ಮೇಲೆ ಮೆಯೊನೇಸ್. ಅಗಿಯುವ ಕೆಲಸವೇ ಇಲ್ಲದೆ ಗಂಟಲಿಗಿಳಿಯುತ್ತದೆ. ಹಾಲ್ ಅವರ ಅಧ್ಯಯನದಲ್ಲೂ ಅತಿಸಂಸ್ಕರಿತ ಊಟವನ್ನು ಜನ ಹೆಚ್ಚು ವೇಗವಾಗಿ ತಿಂದಿದ್ದರು. ಇನ್ನು ಜೊತೆಗೆ ಬರುವ ತಂಪುಪಾನೀಯ. 330 ಮಿಲಿಲೀಟರ್ ಕೋಲಾದಲ್ಲಿ 35 ಗ್ರಾಂನಷ್ಟು ಸಕ್ಕರೆ ಇರುತ್ತದೆ, ಅಂದರೆ ಏಳು ಚಮಚ. ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 15 ಮಂದಿಗೆ ದಿನಕ್ಕೆ 450 ಕ್ಯಾಲೊರಿಯನ್ನು ಒಂದು ತಿಂಗಳು ಮಿಠಾಯಿಯಾಗಿ, ಇನ್ನೊಂದು ತಿಂಗಳು ಸೋಡಾ ಪಾನೀಯವಾಗಿ ಕೊಟ್ಟರು. ಮಿಠಾಯಿ ತಿಂದ ತಿಂಗಳಲ್ಲಿ ಅವರು ತಮಗೇ ತಿಳಿಯದಂತೆ ಉಳಿದ ಊಟವನ್ನು ಕಡಿಮೆ ಮಾಡಿಕೊಂಡಿದ್ದರು. ಪಾನೀಯ ಕುಡಿದ ತಿಂಗಳಲ್ಲಿ ಮಾಡಿಕೊಳ್ಳಲಿಲ್ಲ. ಕುಡಿದ ಸಕ್ಕರೆಯನ್ನು ಹಸಿವು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಬರ್ಗರ್, ಫ್ರೈಸ್, ಕೋಲಾ ಮೂರನ್ನೂ ಒಟ್ಟಿಗೆ ಕಟ್ಟಿ, ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗಿ ಮಾರುವ ‘ಕಾಂಬೊ’ ಇದೆಯಲ್ಲ, ಅದರಲ್ಲಿ ಈ ಎಲ್ಲ ತೊಡಕುಗಳೂ ಒಂದೇ ತಟ್ಟೆಗೆ ಬಂದು ಬೀಳುತ್ತವೆ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ. ಬರ್ಗರನ್ನು ಬೈಯುವವರು ಪೂರಿ, ಬೋಂಡ, ಉದ್ದಿನ ವಡೆ, ಬೇಕರಿಯ ಪಫ್ಸನ್ನು ಏಕೆ ಬಿಡುತ್ತಾರೆ? ಬಿಡಬಾರದು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಮಳಿಗೆ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘ ಅದನ್ನು ತೀವ್ರವಾಗಿ ವಿರೋಧಿಸಿತ್ತು. ಆ ವಿರೋಧದ ಹಿಂದೆ ಕೃಷಿಯ, ಬಹುರಾಷ್ಟ್ರೀಯ ಕಂಪನಿಗಳ ದೊಡ್ಡ ಪ್ರಶ್ನೆಗಳಿದ್ದವು. ಆದರೆ ಅಂದಿನಿಂದ ನಮ್ಮ ಮನಸ್ಸಿನಲ್ಲಿ ಫಾಸ್ಟ್‌ಫುಡ್ ಎಂದರೆ ವಿದೇಶಿ ತಿಂಡಿ ಎಂಬ ಭಾವನೆಯೂ ಗಟ್ಟಿಯಾಗಿ ಕೂತುಬಿಟ್ಟಿತು. ಸೊಂಟದ ಸುತ್ತಳತೆಯ ವಿಚಾರದಲ್ಲಿ ಆ ಗೆರೆ ತಪ್ಪು ಜಾಗದಲ್ಲಿದೆ. ಗಲ್ಲಿಗಲ್ಲಿಯ ತಳ್ಳುಗಾಡಿಯಲ್ಲಿ ಸಿಗುವ ಗೋಬಿ ಮಂಚೂರಿ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಆದರೆ ಹೂಕೋಸನ್ನು ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ, ಕರಿದು, ಸಿಹಿ ಸಾಸಿನಲ್ಲಿ ಮತ್ತೆ ಹುರಿದ ಮೇಲೆ ಅದರಲ್ಲಿ ತರಕಾರಿಯ ಗುಣ ಉಳಿದಿರುವುದು ಅಷ್ಟಕ್ಕಷ್ಟೆ. ಇತ್ತ 1980ರ ದಶಕದಿಂದ ಬೆಂಗಳೂರಿನಲ್ಲಿ ಬೆಳೆದ ದರ್ಶಿನಿಗಳು ವೇಗದಲ್ಲಿ ಯಾವ ಬರ್ಗರ್ ಅಂಗಡಿಗೂ ಕಡಿಮೆಯಿಲ್ಲ. ಟೋಕನ್ ಕೊಟ್ಟ ಎರಡು ನಿಮಿಷಕ್ಕೆ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್ ಕೈಗೆ ಬರುತ್ತದೆ. ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು, ಬೇಳೆ ಇರುವಂಥದ್ದು. ಅದೇ ಕೌಂಟರಿನಲ್ಲಿ ಕೇಸರಿಬಾತ್, ಖಾರಾಬಾತ್ ಜೊತೆಗೆ ಒಂದು ವಡೆ ಕೇಳಿದರೆ ಕಥೆಯೇ ಬೇರೆ. ಆದ್ದರಿಂದ ನೋಡಬೇಕಾದದ್ದು ತಿಂಡಿಯ ಊರನ್ನಾಗಲೀ ಅದು ತಟ್ಟೆಗೆ ಬಂದ ವೇಗವನ್ನಾಗಲೀ ಅಲ್ಲ. ತುತ್ತಿನಲ್ಲಿ ನೀರು, ನಾರು, ಬೇಳೆ ಎಷ್ಟು ಉಳಿದಿದೆ, ಎಣ್ಣೆ, ಸಕ್ಕರೆ, ಮೈದಾ ಎಷ್ಟು ಸೇರಿದೆ ಎಂಬುದನ್ನು.

ಜಾಣತನದಿಂದ ಆರಿಸಿ ತಿಂದರೆ ಆಗದೇ ಎಂಬುದು ಮುಂದಿನ ಪ್ರಶ್ನೆ. ಆಗುತ್ತದೆ, ಒಂದು ಮಟ್ಟಿಗೆ. 2025ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 55 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವರಿಗೆ ಕೊಟ್ಟ ಅತಿಸಂಸ್ಕರಿತ ಆಹಾರವೂ ಬ್ರಿಟನ್ ಸರ್ಕಾರದ ಪೋಷಣೆಯ ಮಾರ್ಗಸೂಚಿಗೆ ಹೊಂದುವಂತೆ ಆರಿಸಿದ್ದು. ಎಂಟು ವಾರಗಳಲ್ಲಿ ಆ ಊಟದಲ್ಲೂ ತೂಕ ಸುಮಾರು ಶೇ 1ರಷ್ಟು ಇಳಿಯಿತು. ಕಡಿಮೆ ಸಂಸ್ಕರಿಸಿದ ಊಟದಲ್ಲಿ ಶೇ 2ರಷ್ಟು ಇಳಿಯಿತು. ನನ್ನ ವಾದಕ್ಕೆ ಅನುಕೂಲವಾಗಲೆಂದು ಇದರ ಮೊದಲರ್ಧವನ್ನು ಮುಚ್ಚಿಡುವುದು ಸರಿಯಲ್ಲ: ಒಳ್ಳೆಯ ಆಯ್ಕೆ ಮಾಡಿದರೆ ಇಳಿಯುತ್ತದೆ, ನಿಜ. ಆದರೆ ಅಷ್ಟು ಕಾಳಜಿಯಿಂದ ಯಾರೋ ಆರಿಸಿ ಮನೆಗೆ ಕಳುಹಿಸಿಕೊಟ್ಟಾಗಲೂ ಫಲ ಅರ್ಧಕ್ಕೆ ನಿಂತಿತು. ರಾತ್ರಿ ಹತ್ತು ಗಂಟೆಗೆ ದಣಿದು ಕೂತು ಮೊಬೈಲಿನಲ್ಲಿ ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬ ಪಟ್ಟಿ ಸರಿಸುವವರಿಂದ ಅಂಥ ಆಯ್ಕೆಯನ್ನು ದಿನವೂ ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ. ನಡೆದು ಕರಗಿಸುತ್ತೇನೆ ಎಂಬ ಸಮಾಧಾನವೂ ಬಹಳ ದೂರ ಬರುವುದಿಲ್ಲ. 65 ಕಿಲೊ ತೂಗುವವರು ಐದು ಕಿಲೊಮೀಟರ್ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಮಧ್ಯಮ ಗಾತ್ರದ ಒಂದು ಪೊಟ್ಟಣ ಫ್ರೈಸ್ ಅಷ್ಟನ್ನು ಐದು ನಿಮಿಷದಲ್ಲಿ ತುಂಬಿಕೊಡುತ್ತದೆ. ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ ನಡಿಗೆ ಬೇಕೇ ಬೇಕು. ತಿಂದದ್ದಕ್ಕೆ ತೆರುವ ದಂಡವಾಗಿ ಅದನ್ನು ನೋಡತೊಡಗಿದರೆ ಕೊನೆಗೆ ನಡಿಗೆಯ ಮೇಲೂ ಬೇಸರ ಹುಟ್ಟುತ್ತದೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಇನ್ನೊಂದು. ಬೆಂಗಳೂರಿನ ಪಿಜಿಗಳಲ್ಲಿ ಒಲೆ ಹಚ್ಚಲು ಅವಕಾಶವಿಲ್ಲದ ಸಾವಿರಾರು ಯುವಕ ಯುವತಿಯರಿದ್ದಾರೆ. ರಾತ್ರಿ ಪಾಳಿಯ ಕೆಲಸದವರು, ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲಿ ಕಳೆಯುವವರು, ಇಡೀ ಊರಿಗೆ ಊಟ ಹೊತ್ತು ತಿರುಗುತ್ತ ತಾವು ರಸ್ತೆ ಬದಿಯಲ್ಲಿ ಏನೋ ತಿಂದು ಮುಗಿಸುವ ಡೆಲಿವರಿ ಹುಡುಗರು. ಇವರಿಗೆ ‘ಮನೆಯೂಟ ಮಾಡಿ’ ಎಂದು ಉಪದೇಶಿಸುವುದು ಸುಲಭ. ಆ ಉಪದೇಶದಲ್ಲಿ ಮನೆಯಲ್ಲಿ ಬೇಯಿಸುವ ಹೊರೆ ಹೆಂಗಸರ ಮೇಲೆಯೇ ಬೀಳಲಿ ಎಂಬ ಹಳೆಯ ನಿರೀಕ್ಷೆಯೂ ಅಡಗಿರುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅತಿತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ 23.3 ಇದ್ದದ್ದು 2019–21ರ ಸುತ್ತಿನಲ್ಲಿ ಶೇ 30.1ಕ್ಕೆ ಏರಿತು, ಪುರುಷರಲ್ಲಿ ಶೇ 22.1ರಿಂದ ಶೇ 30.9ಕ್ಕೆ. ಇದಕ್ಕೆಲ್ಲ ಫಾಸ್ಟ್‌ಫುಡ್ ಒಂದೇ ಕಾರಣವೆಂದು ಹೇಳಲು ಬರುವುದಿಲ್ಲ. ಕೂತು ಮಾಡುವ ಕೆಲಸ, ಕಡಿಮೆ ನಿದ್ದೆ, ಪಾಲಿಶ್ ಅಕ್ಕಿಯ ರಾಶಿ ಅನ್ನ ಎಲ್ಲದಕ್ಕೂ ಪಾಲಿದೆ. ಆದರೆ ನಾಲ್ಕೈದು ವರ್ಷಗಳಲ್ಲಿ ಒಂದು ರಾಜ್ಯದ ಜನರ ಸಂಯಮ ಏಕಾಏಕಿ ಕುಸಿಯುವುದಿಲ್ಲ. ಕುಸಿದದ್ದು ಅವರ ಸುತ್ತಲಿನ ಊಟದ ವ್ಯವಸ್ಥೆ. ಅಡುಗೆಮನೆ ಇಲ್ಲದವರಿಗೆ ನಾನು ಹೇಳಬಯಸುವುದು ಅಡುಗೆ ಮಾಡಿ ಎಂದಲ್ಲ. ದಿನನಿತ್ಯದ ಊಟ ಯಾವುದು ಎಂಬುದನ್ನು ಹಸಿವಾಗುವ ಮೊದಲೇ, ಒಂದೇ ಸಲ ತೀರ್ಮಾನಿಸಿಟ್ಟುಕೊಳ್ಳಿ. ದರ್ಶಿನಿಯ ಇಡ್ಲಿ ಸಾಂಬಾರ್, ಮೆಸ್ಸಿನ ಮುದ್ದೆ ಸೊಪ್ಪುಸಾರು, ಖಾನಾವಳಿಯ ಜೋಳದ ರೊಟ್ಟಿ ಹೆಸರುಕಾಳು ಪಲ್ಯ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಮಜ್ಜಿಗೆ: ಇವು ಇಂದಿಗೂ ಬಹಳ ಕಡೆ ಬರ್ಗರ್‌ಗಿಂತ ಕಡಿಮೆ ದುಡ್ಡಿಗೆ ಸಿಗುತ್ತವೆ. ಸಿಸ್ನಾ ಅವರ ವಿದ್ಯಾರ್ಥಿಗಳು ಅವರಿಗಾಗಿ ಮಾಡಿದ ಕೆಲಸವನ್ನು ಇಂಥ ಗೊತ್ತಾದ ಊಟ ನಮಗೆ ಮಾಡಿಕೊಡುತ್ತದೆ.

ಹಾಗೆಂದು ಗೋಬಿಯನ್ನೂ ಪಿಜ್ಜಾವನ್ನೂ ಜನ್ಮಪೂರ್ತಿ ತ್ಯಜಿಸಬೇಕೇ? ಬೇಡ, ತ್ಯಜಿಸಿದವರು ಒಂದು ದಿನ ಕಟ್ಟು ಹರಿದು ತಿನ್ನುವುದನ್ನು ವೈದ್ಯರೂ ಆಹಾರತಜ್ಞರೂ ಬಲ್ಲರು. ಎಷ್ಟು ಸಲ ಎಂಬುದೇ ಮುಖ್ಯ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಯುವಜನರನ್ನು 15 ವರ್ಷ ಗಮನಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆಗಿಂತ ಕಡಿಮೆ ಫಾಸ್ಟ್‌ಫುಡ್ ತಿಂದವರಿಗಿಂತ ವಾರಕ್ಕೆ ಎರಡಕ್ಕೂ ಹೆಚ್ಚು ಸಲ ತಿಂದವರು 4.5 ಕಿಲೊ ಹೆಚ್ಚು ತೂಕ ಗಳಿಸಿದ್ದರು. ಅವರಲ್ಲಿ ಇನ್ಸುಲಿನ್ ಪ್ರತಿರೋಧದ ಏರಿಕೆಯೂ ಎರಡು ಪಟ್ಟು ಇತ್ತು. ಅದೇ ದೇಶದಲ್ಲಿ 13 ಕಿಲೊಗೂ ಮಿಕ್ಕಿ ಇಳಿಸಿ, ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಸಿಕೊಂಡವರ ರಾಷ್ಟ್ರೀಯ ದಾಖಲೆಯೊಂದಿದೆ. ಅದರಲ್ಲಿರುವವರ ಫಾಸ್ಟ್‌ಫುಡ್ ಸರಾಸರಿ ವಾರಕ್ಕೊಂದು ಸಲಕ್ಕಿಂತ ಕಡಿಮೆ. ಶೂನ್ಯವಲ್ಲ ಎಂಬುದನ್ನು ಗಮನಿಸಿ. ತೂಕ ಇಳಿಸುವುದು ಮೂರು ತಿಂಗಳ ಮಾತಾದರೆ ಉಳಿಸಿಕೊಳ್ಳುವುದು ಮೂವತ್ತು ವರ್ಷದ ಮಾತು. ಅಷ್ಟು ದೀರ್ಘಕಾಲ ದಿನವೂ ಮೊಬೈಲ್ ಆ್ಯಪ್‌ನಲ್ಲಿ ಕ್ಯಾಲೊರಿ ಕೂಡುತ್ತ ಕಳೆಯುವುದು ಬಹುತೇಕರಿಂದ ಆಗದ ಕೆಲಸ. ವಾರದ ಆರು ದಿನ ಲೆಕ್ಕವೇ ಬೇಡದ ಊಟ ಇದ್ದರೆ ಏಳನೆಯ ದಿನದ ಪಿಜ್ಜಾ ಯಾರ ತೂಕವನ್ನೂ ಕೆಡಿಸುವುದಿಲ್ಲ.

ಉಳಿದ ಜವಾಬ್ದಾರಿ ಮಾರುವವರದ್ದು ಮತ್ತು ಸರ್ಕಾರದ್ದು. 2022ರ ಜುಲೈ 1ರಿಂದ, ಹತ್ತು ಅಥವಾ ಹೆಚ್ಚು ಮಳಿಗೆಗಳಿರುವ ಹೋಟೆಲ್ ಸರಪಳಿಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಕ್ಯಾಲೊರಿ ತೋರಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಯಮ ಮಾಡಿದೆ. ಕೇರಳ 2016ರಲ್ಲಿ ಬ್ರ್ಯಾಂಡೆಡ್ ರೆಸ್ಟೊರೆಂಟುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5 ತೆರಿಗೆ ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂದು ಅದು ಕೊನೆಗೊಂಡಿತು. ತೆರಿಗೆಗಿಂತ ಮೊದಲು ಆಗಬೇಕಾದ ಸಣ್ಣ ಕೆಲಸಗಳಿವೆ. ಕ್ಯಾಲೊರಿಯ ಅಂಕಿ ಬೆಲೆಯಷ್ಟೇ ದಪ್ಪಕ್ಷರದಲ್ಲಿ, ಆರ್ಡರ್ ಒತ್ತುವ ಮೊದಲು, ಕನ್ನಡದಲ್ಲಿ ಕಾಣಬೇಕು. ಕಾಂಬೊದ ಜೊತೆ ತಾನಾಗಿಯೇ ಬರುವುದು ನೀರು ಅಥವಾ ಮಜ್ಜಿಗೆಯಾಗಬೇಕು, ಕೋಲಾ ಬೇಕಾದವರು ಕೇಳಿ ಪಡೆಯಲಿ. ಪಿಜಿಗಳಿಗೆ ಪರವಾನಗಿ ಕೊಡುವಾಗ ಸ್ನಾನದ ಮನೆ ಎಷ್ಟಿದೆ ಎಂದು ನೋಡುವ ಪಾಲಿಕೆ, ಬಾಡಿಗೆದಾರರು ಎರಡು ಮೊಟ್ಟೆ ಬೇಯಿಸಿಕೊಳ್ಳಲು ಒಂದು ಒಲೆ ಇದೆಯೇ ಎಂದೂ ನೋಡಲಿ.