ಬೆವರು ಬಿದ್ದಲ್ಲಿ ಓಟೂ ಬೀಳಲಿ

ಖರಾಡಿಯ ಹೋಟೆಲುಗಳಲ್ಲಿ ದುಡಿಯುವ ಯಾವ ಮಾಣಿಯನ್ನಾದರೂ ಕೇಳಿ ನೋಡಿ: "ತಮ್ಮಾ, ನಿನ್ನ ಓಟು ಎಲ್ಲಿದೆ?" ಬರುವ ಉತ್ತರ ಎರಡೇ. ಒಂದು, "ಊರಲ್ಲಿದೆ ಅಣ್ಣಾ." ಇನ್ನೊಂದು, "ಎಲ್ಲಿಯೂ ಇಲ್ಲ." ಎರಡರ ಫಲವೂ ಒಂದೇ.

2024ರ ಲೋಕಸಭಾ ಚುನಾವಣೆಯನ್ನೇ ನೋಡೋಣ. ಉಡುಪಿಯಲ್ಲಿ ಏಪ್ರಿಲ್ 26ಕ್ಕೆ, ವಿಜಯಪುರ, ಕಲಬುರ್ಗಿಗಳಲ್ಲಿ ಮೇ 7ಕ್ಕೆ, ಪುಣೆಯಲ್ಲಿ ಮೇ 13ಕ್ಕೆ ಮತದಾನವಾಯಿತು. ಊರಿಗೆ ಹೋಗಲು ರಜೆಯಿಲ್ಲ, ಬಸ್ಸಿಗೆ ದುಡ್ಡಿಲ್ಲ. ಇಲ್ಲಿಯ ಪಟ್ಟಿಯಲ್ಲಿ ಹೆಸರಿಲ್ಲ. ಮೂರು ದಿನವೂ ನಮ್ಮ ಹುಡುಗರು ಟೇಬಲ್ ಒರೆಸುತ್ತಲೇ ಇದ್ದರು. ದೂರದಿಂದಲೇ ಊರಿನ ಓಟು ಹಾಕುವ ಯಂತ್ರವೊಂದರ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದು ಇನ್ನೂ ನಮ್ಮ ಬಾಗಿಲಿಗೆ ಬಂದಿಲ್ಲ.

"ನಾವು ಪರಸ್ಥಳದವರು, ಇಲ್ಲಿಯ ರಾಜಕಾರಣ ನಮಗೇಕೆ?" ಎನ್ನುವ ತರುಣರಿಗೆ ನಮ್ಮ ಉತ್ತರವಿಷ್ಟೆ: ನಿನ್ನ ದುಡಿಮೆಯ ಗಂಟೆಯನ್ನು ನಿಗದಿ ಮಾಡುವವರು ಬೆಂಗಳೂರಿನವರಲ್ಲ, ಮುಂಬಯಿಯವರು. ಅಂಗಡಿ, ಹೋಟೆಲುಗಳ ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10ಕ್ಕೆ ಏರಿಸಲು ಮಹಾರಾಷ್ಟ್ರದ ಮಂತ್ರಿಮಂಡಲ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಆ ಮಂತ್ರಿಗಳನ್ನು "ಏಕಯ್ಯಾ?" ಎಂದು ಕೇಳುವ ಹಕ್ಕು ಕುಂದಾಪುರದ ಓಟಿಗಿದೆಯೇ? ವಡಗಾಂವ್ ಶೇರಿ ಕ್ಷೇತ್ರದ ಓಟಿಗಿದೆ.

ಪುಣೆ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದು, ಮರುಚುನಾವಣೆ ನಡೆದದ್ದು 2026ರ ಜನವರಿ 15ಕ್ಕೆ. ಅಷ್ಟು ಕಾಲ ನೀರಿಗೂ ಗಟಾರಕ್ಕೂ ಹೊಣೆಯಾಗಬೇಕಾದ ನಗರಸೇವಕನೇ ಇರಲಿಲ್ಲ. ಈಗ ಇದ್ದಾನೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಾಣಿಯ ಮುಖ ಅವನಿಗೆ ಕಾಣುವುದುಂಟೇ?

ಇನ್ನು ಧಣಿಗಳ ಮಾತು. "ಇಲೆಕ್ಷನ್ ದಿನ ಗಿರಾಕಿ ಹೆಚ್ಚು, ರಜೆ ಕೇಳಬೇಡ." ಈ ಮಾತನ್ನು ಗಲ್ಲೆಯ ಮುಂದೆ ನಿಂತು ನಾನೂ ಕೇಳಿಸಿಕೊಂಡವನೇ. ಲೋಕಸಭೆ, ವಿಧಾನಸಭೆಗಳ ಮತದಾನದ ದಿನ ಮತದಾರನಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಜನಪ್ರಾತಿನಿಧ್ಯ ಕಾಯಿದೆಯ 135ಬಿ ಕಲಮು ಹೇಳುತ್ತದೆ. ದಿನಗೂಲಿಯವನಿಗೂ ಅದು ಸಲ್ಲುತ್ತದೆ. ತಪ್ಪಿದ ಧಣಿಗೆ ದಂಡ ಹೆಚ್ಚೆಂದರೆ 500 ರೂಪಾಯಿ! ಒಂದು ಟೇಬಲಿನ ಬಿಲ್ಲು! ಆದ್ದರಿಂದ ಕಾಯಿದೆಯೊಂದನ್ನೇ ನಂಬಿ ಕೂತರೆ ಆಗದು. ಹತ್ತು ಜನ ಒಟ್ಟಾಗಿ ರಜೆ ಕೇಳಬೇಕು.

ಬ್ರಿಟಿಷರ ಕಾಲದಲ್ಲಿ ಆಸ್ತಿಯೋ, ತೆರಿಗೆಯೋ, ವಿದ್ಯೆಯೋ ಇದ್ದವನಿಗೆ ಮಾತ್ರ ಓಟು. 1951-52ರ ಮೊದಲ ಮಹಾಚುನಾವಣೆಯಲ್ಲಿ ಧಣಿಗೂ ಒಂದು, ಮಾಣಿಗೂ ಒಂದು ಎಂದಾಯಿತು. ಸಂಬಳದಲ್ಲಿ, ಊಟದಲ್ಲಿ, ಮಲಗುವ ಜಾಗದಲ್ಲಿ ಇಲ್ಲದ ಸಮಾನತೆ ಅಲ್ಲೊಂದು ಕಡೆ ಇದೆ. 21 ವರ್ಷದ ಮಿತಿಯನ್ನು 1989ರಲ್ಲಿ 18ಕ್ಕೆ ಇಳಿಸಿದ್ದೂ ತರುಣರ ಸಲುವಾಗಿಯೇ. ಇದನ್ನೂ ಕೈಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಟೇಬಲ್ ಒರೆಸುವ ಬಟ್ಟೆ ಮಾತ್ರ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಹೊಸಬರು 6ನೇ ನಮೂನೆ ತುಂಬಿರಿ. ಊರಲ್ಲಿ ಹೆಸರಿದ್ದವರು 8ನೇ ನಮೂನೆ ತುಂಬಿ ಇಲ್ಲಿಗೆ ವರ್ಗ ಮಾಡಿಸಿರಿ. ಎರಡು ಕಡೆ ಹೆಸರಿಡುವುದು ಕಾನೂನಿಗೆ ವಿರುದ್ಧ. ಸ್ವಂತ ಮನೆ ಬೇಕಿಲ್ಲ, ನೀವು ವಾಸವಾಗಿರುವ ಜಾಗವೇ ಸಾಕು. ಸಂಶಯವಿದ್ದರೆ 1950 ನಂಬರಿಗೆ ಫೋನು ಮಾಡಿರಿ.

ಊರನ್ನು ಮರೆಯಿರಿ ಎಂದು ನಾವು ಹೇಳುವುದಿಲ್ಲ. ಜಾತ್ರೆಗೆ ಹೋಗಿರಿ, ತಾಯಿಗೆ ಹಣ ಕಳಿಸಿರಿ. ಓಟನ್ನು ಮಾತ್ರ ನೀವು ದುಡಿಯುವ ನೆಲದಲ್ಲೇ ಇಡಿರಿ.