ಕದನವಿರಾಮವೂ ಸಂಧಿಯೂ

ಸಂಧಿ ಎಂಬ ಪದಕ್ಕೆ ವ್ಯಾಕರಣದಲ್ಲಿ ಒಂದು ಅರ್ಥ, ರಾಜನೀತಿಯಲ್ಲಿ ಮತ್ತೊಂದು. ಎರಡು ಅಕ್ಷರಗಳು ಎಡೆಬಿಡದೆ ಕೂಡುವುದು ಮೊದಲನೆಯದು. ಕಾದಾಡಿದ ಎರಡು ಪಕ್ಷಗಳು ಒಡಂಬಡುವುದು ಎರಡನೆಯದು. ಸ್ವರದ ಮುಂದೆ ಸ್ವರವು ಬಂದರೂ ಕೂಡದೆ ಇದ್ದಂತೆಯೇ ಉಳಿದರೆ ಅದನ್ನು ವೈಯಾಕರಣರು ಪ್ರಕೃತಿಭಾವವೆಂದರು. ಪರದೇಶಗಳ ಮಧ್ಯಸ್ಥಿಕೆಯಿಂದ ಕಾಳಗವು ನಿಂತ ನಾಡುಗಳಲ್ಲಿ ಕೆಲವು ಇಂದಿಗೂ ಈ ಪ್ರಕೃತಿಭಾವದಲ್ಲಿಯೇ ಇವೆ. ಲೋಕವು ಅದನ್ನೇ ಸಂಧಿಯೆಂದು ಭ್ರಮಿಸಿದೆ. ಸೈಪ್ರಸ್ ದ್ವೀಪವು ಇದಕ್ಕೆ ನಿದರ್ಶನ.

ಈ ದ್ವೀಪಕ್ಕೂ ಕನ್ನಡನಾಡಿಗೂ ಒಂದು ನಂಟುಂಟು. ಮಡಿಕೇರಿಯಲ್ಲಿ 1906ರಲ್ಲಿ ಜನಿಸಿ, ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಜನರಲ್ ಕೆ. ಎಸ್. ತಿಮ್ಮಯ್ಯನವರು 1964ರ ಜುಲೈ ತಿಂಗಳಲ್ಲಿ ಅಲ್ಲಿಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಅಧಿಪತ್ಯವನ್ನು ವಹಿಸಿದರು. ಕರ್ತವ್ಯದಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಆ ನೆಲದಲ್ಲಿಯೇ ದಿವಂಗತರಾದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಬ್ರಿಟಿಷರಿಂದ 1960ರಲ್ಲಿ ಸ್ವತಂತ್ರವಾದ ಆ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಭಾಷಿಕರು ನೆರೆಹೊರೆಯವರಾಗಿದ್ದರು. 1963ರ ಡಿಸೆಂಬರಿನಲ್ಲಿ ರಕ್ತಪಾತವಾಯಿತು. ರಾಜಧಾನಿ ನಿಕೋಸಿಯಾದಲ್ಲಿ ಬ್ರಿಟಿಷ್ ಸೇನಾನಿಯೊಬ್ಬನು ನಕಾಶೆಯ ಮೇಲೆ ಹಸಿರು ಸೀಸದಕಡ್ಡಿಯಿಂದ ಗೆರೆಯೆಳೆದನು. ಭದ್ರತಾ ಮಂಡಲಿಯು 1964ರ ಮಾರ್ಚ್ 4ರಂದು ಮೂರು ತಿಂಗಳಿಗೆಂದು ಪಡೆಯನ್ನು ವಿಧಿಸಿತು. ಆ ಮೂರು ತಿಂಗಳು ಅರುವತ್ತು ವರ್ಷಗಳನ್ನು ಮೀರಿ ಇನ್ನೂ ಮುಗಿದಿಲ್ಲ. 1974ರಲ್ಲಿ ಗ್ರೀಸಿನ ಸೈನಿಕ ಆಡಳಿತದ ಬೆಂಬಲದಿಂದ ಕ್ಷಿಪ್ರಕ್ರಾಂತಿಯೂ, ಅದರ ಬೆನ್ನಲ್ಲಿಯೇ ತುರ್ಕಿಯ ದಂಡಯಾತ್ರೆಯೂ ನಡೆದು ದ್ವೀಪವು ಇಬ್ಭಾಗವಾಯಿತು. ಸುಮಾರು 180 ಕಿಲೋಮೀಟರ್ ಉದ್ದದ ನಡುವಣ ಪಟ್ಟಿಯನ್ನು ವಿಶ್ವಸಂಸ್ಥೆಯ ಸೈನಿಕರು ಕಾಯುತ್ತಿದ್ದಾರೆ.

ಈ ಪಡೆಯು ನಿಷ್ಫಲವೆಂದು ಹೇಳುವುದು ಅನ್ಯಾಯವಾದೀತು. ಅದು ಉಳಿಸಿದ ಜೀವಗಳನ್ನು ಎಣಿಸಿದವರಾರು? ಆದರೆ ಕಾವಲುಗಾರನು ಕಳವನ್ನು ತಡೆಯಬಲ್ಲನಲ್ಲದೆ ದಾಯಾದಿಗಳನ್ನು ಒಂದುಗೂಡಿಸಲಾರನು. ಒಂದುಗೂಡಿಸುವ ಯತ್ನವೂ ನಡೆಯದಿರಲಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನರ ಯೋಜನೆಯನ್ನು 2004ರ ಏಪ್ರಿಲ್ 24ರಂದು ಎರಡೂ ಕಡೆಯ ಜನರ ಮತಕ್ಕೆ ಇಡಲಾಯಿತು. ತುರ್ಕಿ ಸೈಪ್ರಿಯಟರಲ್ಲಿ ನೂರಕ್ಕೆ 65ರಷ್ಟು ಜನ ಒಪ್ಪಿದರು. ಗ್ರೀಕ್ ಸೈಪ್ರಿಯಟರಲ್ಲಿ 76ರಷ್ಟು ಜನ ತಿರಸ್ಕರಿಸಿದರು. ಪಂಡಿತರು ಕೂಡಿ ರಚಿಸಿದ ಬೃಹದ್ ಗ್ರಂಥವೊಂದು ಒಂದೇ ದಿನದಲ್ಲಿ ಕಪಾಟು ಸೇರಿತು.

ಇದಕ್ಕಿಂತ ಬಹಳ ಮೊದಲೇ, ಸದ್ದಿಲ್ಲದೆ ಸಿದ್ಧಿಸಿದ ಕಾರ್ಯವೊಂದುಂಟು. ಹೇಳಲು ಅಷ್ಟೇನೂ ಶೋಭಿಸದ ಸಂಗತಿ ಅದು, ನಿಕೋಸಿಯಾದ ಚರಂಡಿ. ನಗರವು ಇಬ್ಭಾಗವಾದರೂ ಕೊಳಚೆಯ ನೀರು ಇಳಿಜಾರನ್ನು ಮಾತ್ರ ಬಲ್ಲದು, ಗಡಿಯನ್ನು ಅರಿಯದು. 1970ರ ದಶಕದ ಕೊನೆಯಲ್ಲಿ ಗ್ರೀಕ್ ಭಾಗದ ಮೇಯರ್ ಲೆಲ್ಲೋಸ್ ದೆಮೆತ್ರಿಯಾದಿಸ್, ತುರ್ಕಿ ಭಾಗದ ಮುಸ್ತಫಾ ಅಕಿಂಜಿ ಇಬ್ಬರೂ ವಿಶ್ವಸಂಸ್ಥೆಯ ನೆರವಿನಿಂದ ಒಂದೇ ಒಳಚರಂಡಿ ವ್ಯವಸ್ಥೆಗೆ ಒಡಂಬಟ್ಟರು. ಎರಡೂ ಕಡೆಯ ಕೊಳಚೆಯು ಉತ್ತರದ ಶುದ್ಧೀಕರಣ ಸ್ಥಾವರಕ್ಕೆ ಹರಿಯಿತು. ಧ್ವಜ, ಸಂವಿಧಾನ, ಸೇನೆ ಯಾವುದರ ಮಾತೂ ಬರಲಿಲ್ಲ. ಕಾಯಕದ ಅರ್ಥವನ್ನು ಬಲ್ಲವರಿಗೆ ಇದು ವಿಸ್ಮಯವೆನಿಸದು: ಒಟ್ಟಿಗೆ ದುಡಿಯುವ ಕೈಗಳು ಮೊದಲು ಬೇಕು, ಒಟ್ಟಿಗೆ ಆಳುವ ಮಾತು ಆಮೇಲಿನದು. ಹೊರಗಿನವರ ಧನವೂ ಜಾಣ್ಮೆಯೂ ಹೆಚ್ಚಾಗಿ ವಿನಿಯೋಗವಾಗಬೇಕಾದುದು ಇಂತಹ ಕೆಲಸಕ್ಕೆ. ಕಾವಲಿಗೆ ದೊರೆತ ಗೌರವವು ಅದಕ್ಕೆ ದೊರೆತಿಲ್ಲ.

ಕಾಣೆಯಾದವರ ಸಮಿತಿಯೂ ಇದೇ ಬಗೆಯದು. 1981ರಲ್ಲಿ ಸ್ಥಾಪಿತವಾದ ಈ ಸಮಿತಿಯಲ್ಲಿ ಎರಡು ಸಮುದಾಯಗಳಿಂದ ಒಬ್ಬೊಬ್ಬರು, ವಿಶ್ವಸಂಸ್ಥೆಯು ನೇಮಿಸಿದವರೊಬ್ಬರು. ಕಾಣೆಯಾದವರ ಪಟ್ಟಿಯಲ್ಲಿ 2002 ಹೆಸರುಗಳಿವೆ. 2006ರಿಂದ ಎರಡೂ ಕಡೆಯ ವಿಜ್ಞಾನಿಗಳು ಒಂದೇ ಮೇಜಿನೆದುರು ನಿಂತು ಅಸ್ಥಿಗಳನ್ನು ಹೊಂದಿಸುತ್ತ ಬಂದಿದ್ದಾರೆ. ಸಾವಿರಕ್ಕೂ ಮಿಕ್ಕಿದವರ ಗುರುತು ಸಿಕ್ಕಿ, ಅವಶೇಷಗಳು ಮನೆಯವರ ಕೈಸೇರಿವೆ. ಕೊಂದವನಾರೆಂದು ಸಮಿತಿಯು ಕೇಳುವುದಿಲ್ಲ. ಇದು ನ್ಯಾಯಕ್ಕೆ ಊನವೆನ್ನುವವರ ಮಾತಿನಲ್ಲಿ ಹುರುಳುಂಟು. ಆದರೆ ಹೂತ ಎಡೆಯನ್ನು ಬಲ್ಲವರು ಬಾಯ್ದೆರೆಯಬೇಕಾದರೆ ಆ ಮೌನವೂ ಬೇಕಾಯಿತು. ಅಂತಹ ಸಾಕ್ಷಿಗಳು ಈಗ ವೃದ್ಧರು. ಅವರಲ್ಲಿ ಅನೇಕರು ಹೇಳಬೇಕಾದುದನ್ನು ಹೇಳದೆಯೇ ಕಣ್ಮುಚ್ಚುತ್ತಿದ್ದಾರೆ.